ಅತ್ತೆಯ ಮೊಣಕಾಲಿಗೆ ಹುಣಸೆಹುಳಿ

ಇಂದು ಮಾಡಿದ ಕೆಲಸಗಳು ಇವು. ಬೆಳಗ್ಗೆ ಎದ್ದು ಬಾವಿಯಿಂದ ನೀರು ಸೇದಿದೆ. ದೀಪದ ಚಿಮಣಿಯನ್ನು ಬೂದಿ ಹಾಕಿ ಒರೆಸಿದೆ. ಒರೆಸುವಾಗ ಅದರ ಅಂಚು ತುಸು ಮುಕ್ಕಾಯಿತು, ಮುಕ್ಕಾದ ಕಡೆಯನ್ನು ಗೋಡೆಗೆ ತಿರುಗಿಸಿ ಇಟ್ಟೆ. ಜೋಳದೊಳಗಿನ ಹರಳು ಆರಿಸಿದೆ. ಹಿತ್ತಲ ಬಾಗಿಲು ಕಿರುಗುಟ್ಟುತ್ತಿತ್ತು, ಕೀಲಿಗೆ ಎಣ್ಣೆ ಬಿಟ್ಟೆ. ಯುಗಾದಿ ಹತ್ತಿರ ಬಂತೆಂದು ಪಡಸಾಲೆಯ ಸಾಮಾನನ್ನೆಲ್ಲ ಅಂಗಳಕ್ಕೆ ಹೊತ್ತು ಹಾಕಿದೆ. ಹೊತ್ತು ಹಾಕಿದೆ ಎಂದರೆ ಮಗಳು ಹೊತ್ತಳು, ಎಲ್ಲಿ ಇಡಬೇಕೆಂದು ನಾನು ಹೇಳಿದೆ. ಕೊನೆಗೆ ಗೋಡೆಗೆ ಬಳಿಯಲೆಂದು ಹಳೆಯ ಮಣ್ಣಿನ ಕೊಡದಲ್ಲಿ ಸುಣ್ಣದ ಕಲ್ಲು ಹಾಕಿ ನೀರು ಸುರಿದೆ. ಅಲ್ಲಿಗೆ ನನ್ನ ಕೆಲಸ ನಿಂತಿತು.

ನೀರು ಬಿದ್ದ ಸುಣ್ಣದ ಕಲ್ಲು ಮೊದಲು ಏನೂ ಆಗದವರ ಹಾಗೆ ಸುಮ್ಮನಿರುತ್ತದೆ. ಆಮೇಲೆ ಒಳಗೊಳಗೇ ಗೊಣಗುತ್ತದೆ. ನೋಡನೋಡುತ್ತಿದ್ದಂತೆ ಕೊಡವೆಲ್ಲ ಕೊತಕೊತ ಕುದಿದು, ಹಬೆ ಎದ್ದು, ಕಲ್ಲು ಅರಳಿ ಬೆಣ್ಣೆಯಾಗುತ್ತದೆ. ಆ ಬಿಸಿ ವಾಸನೆ ನಿಮಗೆ ಏನನ್ನು ನೆನಪಿಸುತ್ತದೋ ನಾನರಿಯೆ; ಹಬ್ಬವೋ, ಮದುವೆಯೋ, ಹೊಸ ಮನೆಯೋ ಇರಬಹುದು. ನನಗೆ ಮಾತ್ರ ನನ್ನ ಸೋದರತ್ತೆ ನೀಲಮ್ಮನ ಬೈಗುಳ ನೆನಪಾಗುತ್ತದೆ. ಬೈಗುಳವೆಂದರೆ ಅದರ ಜೊತೆಗೆ ಆಕೆಯ ಬಲಗಾಲಿನ ಮೊಣಕಾಲೂ ನೆನಪಾಗುತ್ತದೆ. ಆ ಮೊಣಕಾಲಿಗೆ ನಾನು ಮಾಡಿದ ವೈದ್ಯವನ್ನು ಕೇಳಿದರೆ ನೀವು ನಗುತ್ತೀರಿ. ನಗಿರಿ, ಅಡ್ಡಿಯಿಲ್ಲ. ನನ್ನ ಹೆಂಡತಿ ಇಷ್ಟು ವರ್ಷವಾದರೂ ಇನ್ನೂ ನಗುತ್ತಿದ್ದಾಳೆ.

ನೀಲಮ್ಮತ್ತೆ ನನ್ನ ತಂದೆಯ ಅಕ್ಕ. ನನ್ನನ್ನು ಹೆತ್ತ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡಾಗ ಕುರುಗೋಡಿನಿಂದ ಬಂದು ನನ್ನನ್ನು ಎತ್ತಿಕೊಂಡು ಹೋದವಳು. ಎತ್ತಿಕೊಂಡವಳು ಇಳಿಸಲು ಮರೆತಳೆಂದು ನಮ್ಮ ಬಳಗದಲ್ಲಿ ಒಂದು ಮಾತಿದೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಕುರುಗೋಡಿನ ಗುಡ್ಡದ ಬುಡದಲ್ಲಿದ್ದ ಮಾಳಿಗೆಯ ಮನೆಯನ್ನೂ ಎರೆಹೊಲವನ್ನೂ ಒಬ್ಬಳೇ ನೋಡಿಕೊಂಡಿದ್ದಳು. ಆಕೆಗೆ ಎರಡು ನೇಮ. ಒಂದು, ಸೊಂಟದ ಸಂಚಿಯಿಂದ ಎಲೆ, ಅಡಿಕೆ ತೆಗೆದು, ಹಿತ್ತಾಳೆ ಡಬ್ಬಿಯ ಸುಣ್ಣ ಬಳಿದು ಹಾಕಿಕೊಳ್ಳುವುದು. ಇನ್ನೊಂದು ಲಿಂಗಪೂಜೆ. ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ, ನಡುಮನೆಯ ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು, ಲಿಂಗವನ್ನು ಎಡಗೈಯ ಮೇಲಿಟ್ಟುಕೊಂಡಳೆಂದರೆ ಬೆಕ್ಕು ಕೂಡ ಆಕೆಯ ಮುಂದೆ ಹಾಯುತ್ತಿರಲಿಲ್ಲ. ಮಗುವಾಗಿದ್ದಾಗ ನಾನು ಎದುರಿಗೆ ಕುಳಿತು ಆಕೆಯ ಮುಖವನ್ನಲ್ಲ, ಮೊಣಕಾಲುಗಳನ್ನು ನೋಡುತ್ತಿದ್ದೆ. ಎರಡೂ ಬೀಸುವ ಕಲ್ಲಿನ ಹಾಗೆ ನೆಲಕ್ಕೆ ಕೂತಿರುತ್ತಿದ್ದವು. ಈ ಮನೆಯಲ್ಲಿ ಏನು ಅಲ್ಲಾಡಿದರೂ ಅವೆರಡು ಅಲ್ಲಾಡಲಾರವೆಂದು ನನಗನಿಸುತ್ತಿತ್ತು.

ನಾನು ದೊಡ್ಡವನಾಗಿ ಬಳ್ಳಾರಿಯಲ್ಲಿ ಸಾಲೆಯ ಮಾಸ್ತರನಾದೆ. ಮಾಸ್ತರನೆಂದರೆ ನಿಮಗೆ ಗೊತ್ತೇ ಇದೆ. ಎಲ್ಲವನ್ನೂ ಬೆರಳಿನಷ್ಟು ಬಲ್ಲವನು. ಹುಡುಗರ ಮುಂದೆ ಮಾತ್ರ ಮೊಳದಷ್ಟು ಬಲ್ಲವನಂತೆ ನಿಲ್ಲುವವನು. ಬೆರಳು ಮೊಳವಾಗುವುದಕ್ಕೆ ನನಗೆ ಸಹಾಯ ಮಾಡಿದವರು ರಾಮಾಚಾರ್ಯರು. ಅವರಿಗೆ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಸಿಪಾಯಿಗಳ ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸ. ಅವರು ನಾಮದವರು, ನಾವು ವಿಭೂತಿಯವರು. ಆದರೆ ಸಂಜೆ ಮನೆಗೆ ಹೋಗುವ ದಾರಿ ಇಬ್ಬರಿಗೂ ಒಂದೇ ಆಗಿದ್ದರಿಂದ ಸ್ನೇಹ ಬೆಳೆಯಿತು. ದಿನವಿಡೀ ಏನೇನನ್ನೋ ಮುಟ್ಟಿ ಬಂದ ಅವರನ್ನು ಅವರ ಹೆಂಡತಿ ಹಿತ್ತಲಲ್ಲಿ ಎರಡು ಕೊಡ ನೀರು ಸುರಿಯದೆ ಒಳಗೆ ಬಿಡುತ್ತಿರಲಿಲ್ಲ. ಚಳಿಗಾಲದಲ್ಲಿ ಅವರು ನನ್ನೊಡನೆ ಮಾತು ಬೆಳೆಸುತ್ತ ಬೀದಿಯಲ್ಲೇ ನಿಲ್ಲುತ್ತಿದ್ದುದಕ್ಕೆ ಆ ತಣ್ಣೀರೇ ಕಾರಣವೆಂದು ನನ್ನ ಗುಮಾನಿ.

ಒಂದು ಸಂಜೆ ಅವರು ನನ್ನನ್ನು ತಮ್ಮ ಕೆಲಸದ ಜಾಗದ ಹಿಂದಿನ ಜಗಲಿಗೆ ಕರೆದರು. ಅಲ್ಲಿ ಒಂದು ಶೀಸೆಯಲ್ಲಿ, ಬಿಳಿಯ ದೊರೆಗಳು ಊಟಕ್ಕೆ ಬಳಸುವ ವಿನೆಗರ್ ಎಂಬ ಹುಳಿನೀರಿನೊಳಗೆ, ಕೋಳಿಯ ಕಾಲೆಲುಬೊಂದು ಮುಳುಗಿತ್ತು. ನಾನು ಕಂಬದ ಹಿಂದೆ ನಿಂತೆ.

“ಬಾರಪ್ಪ ಮಾಸ್ತರ, ಹತ್ರ ಬಾ. ಕಚ್ಚಂಗಿಲ್ಲ ಅದು.”

“ಇಲ್ಲಿಂದ ಚಂದ ಕಾಣತೈತ್ರಿ ಆಚಾರ್ಯರ.”

ಅವರು ಇಕ್ಕಳದಿಂದ ಆ ಎಲುಬನ್ನು ಎತ್ತಿ, ಹಗ್ಗಕ್ಕೆ ಗಂಟು ಹಾಕುವ ಹಾಗೆ ಗಂಟು ಹಾಕಿ ತೋರಿಸಿದರು. ನಾನು ಕಂಬ ಬಿಟ್ಟು ಈಚೆಗೆ ಬಂದೆ. ಆಮೇಲೆ ಒಲೆಯಲ್ಲಿ ಸುಟ್ಟು ಬೆಳ್ಳಗಾದ ಇನ್ನೊಂದು ಎಲುಬನ್ನು ತಂದು ಇಕ್ಕಳ ತಾಗಿಸಿದರು. ಅದು ಹಪ್ಪಳದ ಹಾಗೆ ಪುಡಿಯಾಯಿತು.

“ಎಲುಬಂದ್ರ ಎರಡು ಪದಾರ್ಥ ಕೂಡಿದ, ಗ್ವಾಡಿ ಕಟ್ಟೋ ಗಾರಿ ಇದ್ದಂಗ,” ಎಂದರು. “ಒಂದು ಅಂಟು, ಒಂದು ಸುಣ್ಣ. ಹುಳಿ ಸುಣ್ಣಾನ ತಿಂತದ, ಅಂಟು ಉಳೀತದ, ಅದಕ್ಕ ಬಾಗ್ತದ. ಬೆಂಕಿ ಅಂಟನ್ನ ತಿಂತದ, ಸುಣ್ಣ ಉಳೀತದ, ಅದಕ್ಕ ಪುಡಿ ಆಗ್ತದ.”

“ಮನಷ್ಯಾರದೂ ಹಿಂಗ ಏನ್ರಿ?”

“ಮನಷ್ಯಾನ್ನ ಏನು ಬ್ಯಾರೆ ಮಣ್ಣಿನಾಗ ಮಾಡ್ಯಾರೇನು?”

ಆ ಸಂಜೆ ಆಚಾರ್ಯರು ತಣ್ಣೀರನ್ನು ಮರೆತು ಬಹಳ ಹೇಳಿದರು. ಒಂದೇ ಮೈಯೊಳಗೆ ಎಲ್ಲ ಎಲುಬುಗಳೂ ಒಂದೇ ಹದದವಲ್ಲ. ಕಿವಿಯ ಒಳಗಡೆಯ ಎಲುಬು ಸುಣ್ಣವೇ ಹೆಚ್ಚಾಗಿ ಕಲ್ಲಿನಂತಿರುತ್ತದೆ. ತೊಡೆಯ ಎಲುಬಿನ ನಡುಭಾಗ ಬಿದಿರಿನ ಗಳದಂತೆ, ಹೊರಗೆ ದಪ್ಪ ಗೋಡೆ, ಒಳಗೆ ಟೊಳ್ಳು. ಅದೇ ಎಲುಬು ತುದಿಗೆ ಹೋದರೆ ಜೇನುಗೂಡು. ಬೆನ್ನಿನ ಮಣಿಗಳು ಒಳಗೆಲ್ಲ ಜಾಳುಜಾಳು. ಪಕ್ಕೆಲುಬು ಉಸಿರಿಗೆ ಬಾಗಿ ಏಳುವಷ್ಟು ಮೆತ್ತಗೆ. ವಯಸ್ಸಿನ ಲೆಕ್ಕವೇ ಬೇರೆ: ಮಕ್ಕಳಲ್ಲಿ ಅಂಟು ಮತ್ತು ನೀರು ಹೆಚ್ಚು, ಬೆಳೆದಂತೆಲ್ಲ ಸುಣ್ಣ ಕೂಡುತ್ತದೆ, ಮುಪ್ಪಿನಲ್ಲಿ ಒಣಗುತ್ತದೆ. ಇಷ್ಟು ಕೇಳಿದವನು ನಾನು ಮನೆಗೆ ನಡೆದು ಹೋಗಲಿಲ್ಲ, ತೇಲಿಕೊಂಡು ಹೋದೆ.

ಹೆಂಡತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಪಾಠ ಶುರು ಮಾಡಿದೆ. ನೋಡು, ಈಗ ತವೆಯಿಂದ ತೆಗೆದ ರೊಟ್ಟಿ ಮಗುವಿನ ಎಲುಬು. ನಾಲ್ಕು ಮಡಿಕೆ ಮಾಡಿದರೂ ಮುರಿಯದು. ಅದೇ ರೊಟ್ಟಿಯನ್ನು ಒಣಗಿಸಿಟ್ಟರೆ ಖಡಕ್ ರೊಟ್ಟಿ, ಮುದುಕರ ಎಲುಬು. ಬೆರಳು ತಾಗಿದರೆ ಲಟ್ಟನೆ ಮುರಿಯುತ್ತದೆ. ಹಿಟ್ಟು ಅದೇ, ಹದ ಬೇರೆ. ಇನ್ನು ಒಂದೇ ರೊಟ್ಟಿಯಲ್ಲಿ ನೋಡು, ಅಂಚು ಗಟ್ಟಿ, ನಡು ಮೆತ್ತಗೆ. ಹಾಗೆಯೇ ಒಂದೇ ದೇಹದಲ್ಲಿ ಒಂದು ಎಲುಬು ಗಟ್ಟಿ, ಒಂದು ಜಾಳು.

ಆಕೆ ಬಡಿಯುವುದನ್ನು ನಿಲ್ಲಿಸಿದಳು. “ಹಂಗಾರ ಇಷ್ಟೊತ್ತು ನಾನು ಎಲುಬು ಬಡೀತಾ ಕುಂತೀನೇನು? ಥೂ, ಉಣ್ಣೋ ಹೊತ್ತಿನಾಗ ಎಂಥಾ ಮಾತ್ರಿ ಇವು!”

ಸಿಟ್ಟಿನಿಂದ ತಿರುಗಿದವನು ಬಾಗಿಲ ಚೌಕಟ್ಟಿಗೆ ತಲೆ ಕೊಟ್ಟೆ. ನಮ್ಮ ಬಾಗಿಲುಗಳು ಗಿಡ್ಡ, ನಾನು ಉದ್ದ. ಇದು ದಿನದ ಸೇವೆ. ಒಳಗಿನಿಂದ ಆಕೆಯ ದನಿ ಬಂತು. “ಬಾಗಿಲಿಗೇನಾತು ನೋಡ್ರಿ ಮೊದಲ. ನಿಮ್ಮ ತಲಿಯಾಗ ಬರೇ ಸುಣ್ಣ ಐತಂತ ನನಗ ಗೊತ್ತೈತಿ.”

ಹೆಂಡತಿ ಕೇಳದಿದ್ದರೆ ಹುಡುಗರು ಕೇಳುತ್ತಾರೆಂದು ಮಾರನೆಯ ವಾರ ಸಾಲೆಯ ಹುಡುಗರನ್ನು ಸಂಗನಕಲ್ಲಿಗೆ ನಡೆಸಿಕೊಂಡು ಹೋದೆ. ಅಲ್ಲಿಯ ಬೂದಿದಿಬ್ಬ ರಾಕ್ಷಸರನ್ನು ಸುಟ್ಟ ಜಾಗವೆಂದು ಊರಿನ ಹಿರಿಯರೊಬ್ಬರು ಹೇಳಿದರು. ನಾನು ಒಂದು ಬಿಳಿಯ ಹೆಂಟೆಯನ್ನು ಬೆರಳಲ್ಲಿ ಹಿಸುಕಿ ಪುಡಿ ಮಾಡಿ, “ಕಂಡಿರಾ, ಅಂಟು ಸುಟ್ಟುಹೋಗಿದೆ, ಸುಣ್ಣ ಉಳಿದಿದೆ. ಇದು ರಾಕ್ಷಸನ ಎಲುಬೇ ಸರಿ” ಎಂದು ಸಾರಿದೆ. ಆ ಹೆಂಟೆಯನ್ನು ಆಚಾರ್ಯರಿಗೆ ತಂದು ತೋರಿಸಿದಾಗ ಅವರು ಮೂಸಿ ನೋಡಿ, “ಎಲುಬೋ, ದನದ ಸಗಣಿಯೋ, ಆ ರಾಕ್ಷಸನ್ನೇ ಕೇಳಬೇಕು” ಎಂದರು. ಹುಡುಗರಿಗೆ ನಾನು ಈ ಎರಡನೆಯ ಮಾತನ್ನು ಹೇಳಲಿಲ್ಲ.

ಇಂಥ ಪಂಡಿತನಿರುವ ಮನೆಗೆ ಎಲುಬು ಮುರಿಯುವ ಪ್ರಸಂಗ ಬಾರದೆ ಇರುತ್ತದೆಯೇ?

ಸುಗ್ಗಿಗೆಂದು ಹೆಂಡತಿ, ಮಗಳ ಸಂಗಡ ಕುರುಗೋಡಿಗೆ ಹೋಗಿದ್ದೆ. ಮಗಳು ಪಾರವ್ವನಿಗೆ ಆಗ ಹಾಲುಹಲ್ಲು ಬೀಳುವ ವಯಸ್ಸು. ಅಂಗಳದ ತುಂಬ ಜೋಳ ಹರವಿತ್ತು. ಎಲ್ಲಿಂದಲೋ ಬಂದ ಆಡೊಂದು ಬಾಯಿ ಹಾಕಿತು. ಅತ್ತೆ ಅದನ್ನು ಓಡಿಸಲು ಕೋಲು ಹಿಡಿದು ಓಡಿದಳು; ಹರವಿದ ಜೋಳದ ಮೇಲೆ ಕಾಲಿಟ್ಟರೆ ಗೋಲಿಯ ಮೇಲೆ ಇಟ್ಟ ಹಾಗೆ, ಜಾರಿ ಬಿದ್ದಳು. “ಅಜ್ಜೀ” ಎಂದು ಕೂಗುತ್ತ ಪಾರವ್ವ ಓಡಿದಳು. ಅದೇ ಜೋಳ, ಆಕೆಯೂ ಜಾರಿ ಕೈಯೂರಿ ಬಿದ್ದಳು. ಇಬ್ಬರನ್ನೂ ಎತ್ತಲು ನಾನು ಓಡಿದೆ. ನಾನು ಜಾರಲಿಲ್ಲವೆಂದು ಬರೆಯಲು ಇಷ್ಟವಿತ್ತು. ಜಾರಿದೆ, ಆದರೆ ನಾನು ಬಿದ್ದದ್ದು ಅತಿ ಹೆಚ್ಚು ಮಾಂಸವಿರುವ ಜಾಗದ ಮೇಲೆ, ಹಾಗಾಗಿ ಎಲುಬಿನ ಮಾತು ಬರಲಿಲ್ಲ. ಆಡು ಜೋಳ ತಿಂದೇ ಹೋಯಿತು.

ಮಗಳ ಮುಂಗೈ ಹಸಿಯ ಬೇವಿನ ಕಡ್ಡಿಯ ಹಾಗೆ ಬಾಗಿತ್ತು, ತುಂಡಾಗಿರಲಿಲ್ಲ. ಅತ್ತೆಯ ಬಲಗಾಲು ಮೊಣಕಾಲಿನ ಕೆಳಗೆ ಒಣ ಜಾಲಿಯ ಹಾಗೆ ಮುರಿದಿತ್ತು. ಆ ಸದ್ದು ನನಗೆ ಕೇಳಿಸಿತ್ತು. ಆಚಾರ್ಯರು ಹೇಳಿದ್ದೆಲ್ಲ ಒಂದೇ ಅಂಗಳದಲ್ಲಿ ಕಣ್ಣ ಮುಂದೆ ನಡೆದಿತ್ತು. ಅದನ್ನು ಗಮನಿಸಿದೆನೆಂಬ ನಾಚಿಕೆ ನನಗೆ ಇಂದಿಗೂ ಇದೆ. ಅತ್ತೆ ಹಲ್ಲು ಕಚ್ಚಿಕೊಂಡು ನೋವು ನುಂಗುತ್ತಿದ್ದಾಗ ನನ್ನೊಳಗಿನ ಮಾಸ್ತರ, ಸರಿಯಾಗಿದೆ, ಪಾಠದ ಪ್ರಕಾರವೇ ಮುರಿದಿದೆ ಎಂದುಕೊಂಡ.

ನನ್ನ ಹೆಂಡತಿಯ ತವರು ಸಿರುಗುಪ್ಪ. ಅಲ್ಲಿ ಎಲುಬು ಕೂಡಿಸಿ ಕಟ್ಟುವ ಒಬ್ಬ ಮುದುಕನಿದ್ದ; ಎಲ್ಲರೂ ತಾತ ಎನ್ನುತ್ತಿದ್ದರು. ಅರ್ಧ ತೆಲುಗು, ಅರ್ಧ ಕನ್ನಡ. ಆತನನ್ನು ಗಾಡಿ ಕಟ್ಟಿ ಕರೆಸಿದೆವು. ಎಲುಬು ಸರಿ ಕೂಡಿಸಿ, ಲೇಪಕ್ಕೆ ಉದ್ದಿನ ಹಿಟ್ಟು ಮತ್ತು ಕೋಳಿಮೊಟ್ಟೆ ಬೇಕೆಂದ. ಅತ್ತೆ ಮಲಗಿದಲ್ಲಿಂದಲೇ, “ಕಾಲು ಹೋದರೂ ಹೋಗಲಿ, ಅದನ್ನ ನನ್ನ ಹೊಸ್ತಿಲದಾಗ ತರಬ್ಯಾಡ” ಎಂದಳು.

“ಗುಡ್ಡು ಲೇಕುಂಟೆ ಎಟ್ಲಾ ಅಮ್ಮಾ?” ಮೊಟ್ಟೆಯಿಲ್ಲದೆ ಹೇಗೆಂದು ತಾತ ತಲೆ ಕೆರೆದುಕೊಂಡು, ಕೊನೆಗೆ ಜಾಲಿಯ ಅಂಟು ಸಾಕೆಂದ.

“ಅಂಟು! ಸರಿಯಾಗಿ ಹೇಳಿದಿ ತಾತ, ಮುಪ್ಪಿನ ಎಲುಬಿಗೆ ಬೇಕಾದ್ದ ಅಂಟು,” ಎಂದು ನಾನು ಬಾಯಿ ಹಾಕಿದೆ.

ತಾತ ನನ್ನನ್ನು ನೋಡಿ ಹೆಂಡತಿಯನ್ನು ಕೇಳಿದ, “ಈ ಅಯ್ಯ ಯಾರವ್ವಾ?”

“ಸಾಲಿ ಮಾಸ್ತರ್ರು.”

“ಅದಾ ಸಂಗತಿ!” ಎಂದು ತನ್ನ ಕೆಲಸಕ್ಕೆ ತಿರುಗಿದ.

ಬಿದಿರಿನ ಪಟ್ಟಿ ಇಟ್ಟು, ತೊಡೆಯಿಂದ ಹಿಮ್ಮಡಿಯವರೆಗೆ ಕಾಲನ್ನು ನೆಟ್ಟಗೆ ಕಟ್ಟಿದ. ಮಗಳ ಕೈಗೆ ಚಿಕ್ಕದೊಂದು ಕಟ್ಟು ಬಿತ್ತು. ಅತ್ತೆಯನ್ನು ಹುಲ್ಲು ಹಾಸಿದ ಗಾಡಿಯಲ್ಲಿ ಮಲಗಿಸಿ ಬಳ್ಳಾರಿಗೆ ನಮ್ಮ ಮನೆಗೆ ತಂದೆವು. ಪಾರವ್ವನ ಕಟ್ಟು ಬಿಚ್ಚಿ, ಆಕೆ ಅದೇ ಕೈಯಿಂದ ಅಟ್ಟದ ಬೆಲ್ಲ ಕದಿಯಲು ಶುರುಮಾಡಿ ಬಹಳ ದಿನಗಳಾದರೂ ಅತ್ತೆ ಮಂಚದ ಮೇಲೇ ಇದ್ದಳು. ಬೇಸಿಗೆ ಕಳೆದು ಮೊದಲ ಮಳೆ ಬಿದ್ದ ಮೇಲೆ ತಾತ ಬಂದು ಕಟ್ಟು ಬಿಚ್ಚಿದ. ಎಲುಬು ಕೂಡಿತ್ತು. ಕೋಲು ಹಿಡಿದು ನಾಲ್ಕು ಹೆಜ್ಜೆ ನಡೆದಳು. ನಾವೆಲ್ಲ ಹಿಗ್ಗಿದೆವು. ಅತ್ತೆ ಹಿಗ್ಗಲಿಲ್ಲ. ಚಾಪೆಯ ಹತ್ತಿರ ಹೋಗಿ ಕುಳಿತುಕೊಳ್ಳಲು ಬಗ್ಗಿದಳು. ಅಷ್ಟು ದಿನ ನೆಟ್ಟಗಿದ್ದ ಮೊಣಕಾಲು ಒನಕೆಯ ಹಾಗೆ ನಿಂತಿತು. ಮಡಚಲಿಲ್ಲ.

ಅತ್ತೆಗೆ ನಡೆಯುವುದು ಬೇಕಿರಲಿಲ್ಲ, ಕುಳಿತುಕೊಳ್ಳುವುದು ಬೇಕಿತ್ತು ಎಂಬುದು ನಮಗೆ ಆಗ ತಿಳಿಯಿತು. ಮಂಚದ ಅಂಚಿಗೆ ಕುಳಿತು, ಬಲಗಾಲನ್ನು ಮುಂದಕ್ಕೆ ಚಾಚಿ ಪೂಜೆ ಮಾಡಬೇಕಾಗಿತ್ತು. ಲಿಂಗ ಅಂಗೈಯಲ್ಲಿ, ಪಾದ ಅದರ ಆಚೆ. “ಶಿವಗ ಕಾಲು ತೋರಿಸಿ ಕುಂತಂಗ ಆಗತೈತಿ” ಎಂದು ಕಣ್ಣು ಮುಚ್ಚಿಕೊಂಡೇ ಪೂಜೆ ಮುಗಿಸುತ್ತಿದ್ದಳು. ಒಂದು ದಿನ ನನ್ನನ್ನು ಹತ್ತಿರ ಕರೆದಳು.

“ತಮ್ಮಾ, ನಮ್ಮ ಮಂದೀನ ಗುಣಿಯೊಳಗ ಹ್ಯಾಂಗ ಇಡತಾರ ಹೇಳು.”

“ಕುಂದ್ರಿಸಿ ಇಡತಾರ. ಅದ್ಯಾಕ ಈಗ?”

“ಈ ಕಾಲು ಹಿಂಗ ಇದ್ದರ ನನ್ನನ್ನ ಹ್ಯಾಂಗ ಕುಂದ್ರಸ್ತೀರಿ? ಮುರೀತೀರೇನು? ಒಮ್ಮಿ ಮುರದದ್ದು ಸಾಕಪ್ಪ.”

ನಮ್ಮಲ್ಲಿ ಸತ್ತವರನ್ನು ಪೂಜೆಗೆ ಕುಳಿತ ಹಾಗೆ, ಕಾಲು ಮಡಚಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಮಡಚದ ಕಾಲನ್ನು ಬಲ ಹಾಕಿ ಏನು ಮಾಡುತ್ತಾರೆಂಬುದನ್ನು ಆಕೆ ಎಲ್ಲೋ ಕಂಡಿರಬೇಕು.

ನಾನು ಉಪಾಯ ಹುಡುಕಿದೆ. ನನ್ನ ತರ್ಕವನ್ನು ಕೇಳಿ, ಎಲ್ಲಿಯೂ ತಪ್ಪು ಕಾಣಿಸದು. ಮುಪ್ಪಿನ ಎಲುಬಿನಲ್ಲಿ ಸುಣ್ಣ ಹೆಚ್ಚು, ಅದಕ್ಕೇ ಬಾಗದು. ಅತ್ತೆ ಜೀವಮಾನವಿಡೀ ಎಲೆಗೆ ಹಚ್ಚಿಕೊಂಡು ಸುಣ್ಣವನ್ನೇ ತಿಂದಿದ್ದಾಳೆ. ಹುಳಿಯಲ್ಲಿಟ್ಟ ಎಲುಬು ಗಂಟು ಹಾಕುವಷ್ಟು ಮೆತ್ತಗಾದದ್ದನ್ನು ನಾನೇ ಕಂಡಿದ್ದೇನೆ. ಆದ್ದರಿಂದ ಸುಣ್ಣ ಬಂದ್ ಮಾಡಬೇಕು, ಹುಳಿ ಕೊಡಬೇಕು. ನಮ್ಮ ಹಿತ್ತಲಲ್ಲೇ ಹುಣಸೆಮರ ಇದೆ. ದೇವರು ರೋಗದ ಪಕ್ಕದಲ್ಲೇ ಮದ್ದನ್ನು ನೆಟ್ಟಿರುತ್ತಾನೆ!

ಹಿತ್ತಾಳೆ ಡಬ್ಬಿ ನನ್ನ ಕೋಟಿನ ಜೇಬು ಸೇರಿತು. ಬೆಳಗ್ಗೆ ಒಂದು ಲೋಟ ಹುಣಸೆನೀರು, ಮಧ್ಯಾಹ್ನ ಗಟ್ಟಿ ಹುಳಿ, ಸಂಜೆ ಮೊಣಕಾಲಿಗೆ ಹುಣಸೆಹಣ್ಣಿನ ಲೇಪ. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. “ಅದು ಮೊಳಕಾಲೋ, ಹಿತ್ತಾಳಿ ತಂಬಿಗೀನೋ? ಹಿಂಗ ತಿಕ್ಕಿದರ ನಾಳೆ ಮಾರಿ ಕಾಣತೈತಿ ಅದರಾಗ.” ಖರೆ ಹೇಳಬೇಕೆಂದರೆ ಮೊಣಕಾಲು ಹೊಳೆಯತೊಡಗಿತ್ತು. ಬಾಗಿರಲಿಲ್ಲ.

“ಸುಣ್ಣಿಲ್ಲದ ಎಲಿ ತಿನ್ನೋಕಿಂತ ಆಡಿನ ಸಂಗಾಟ ಮೇಯಾಕ ಹೋಗೋದು ಚಲೋ,” ಎಂದು ಅತ್ತೆ ಗೊಣಗಿದಳು. ಗೊಣಗಿದಳು, ಆದರೆ ಲೋಟದ ತಳ ಕಾಣುವವರೆಗೆ ಹುಣಸೆನೀರು ಕುಡಿದಳು. ನನಗೆ ದಿಗಿಲಾದದ್ದು ಅಲ್ಲಿ. ಜೀವನದಲ್ಲಿ ಯಾರ ಮಾತನ್ನೂ ಕೇಳದವಳು, ಊರ ಗೌಡರನ್ನು ಅಂಗಳದಲ್ಲಿ ನಿಲ್ಲಿಸಿ ಮಾತಾಡಿಸಿದವಳು, ನನ್ನ ಮಾತು ಕೇಳುತ್ತಿದ್ದಾಳೆ! ದಿನವೂ ಬೆಳಗ್ಗೆ ನಾನು ಮೊಣಕಾಲು ಒತ್ತಿ ನೋಡುತ್ತಿದ್ದೆ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು.

“ಬಾಗಿತೇನಲೇ?”

“ಸ್ವಲ್ಪ ಬಾಗಿದಂಗ ಐತಿ.”

“ಬಾಗಿದ್ದು ಮಂಚ. ಬರೋಬರಿ ನೋಡು.”

ಕೆಲವು ದಿನಗಳಲ್ಲಿ ಹುಳಿಗೆ ಹಲ್ಲು ಜುಮ್ಮೆಂದು ಆಕೆಗೆ ರೊಟ್ಟಿ ಅಗಿಯುವುದು ಆಗದಾಯಿತು. ಹೊಟ್ಟೆ ಕೆಟ್ಟಿತು. ಒಂದು ಬೆಳಗ್ಗೆ ಆಕೆ ಲೋಟವನ್ನು ಕೈಯಲ್ಲಿ ಹಿಡಿದು, ಕುಡಿಯಲಾರದೆ, ಹಾಗೆಯೇ ಕುಳಿತಿದ್ದಳು. ಕಣ್ಣಲ್ಲಿ ನೀರು. ಆಕೆಯ ಕಣ್ಣಲ್ಲಿ ನೀರನ್ನು ನಾನು ಅದಕ್ಕೆ ಮೊದಲು ಈರುಳ್ಳಿ ಹೆಚ್ಚುವಾಗ ಮಾತ್ರ ಕಂಡಿದ್ದೆ. ನಾನು ಆಚಾರ್ಯರ ಮನೆಗೆ ಓಡಿದೆ.

ಆಚಾರ್ಯರು ಬಂದು, ಮೊಣಕಾಲು ಮುಟ್ಟಿ ನೋಡಿ, ಬೆರಳು ಮೂಸಿಕೊಂಡರು. “ಇದೇನು ಹುಳಿ ವಾಸನಿ?” ನಾನು ತರ್ಕವನ್ನೆಲ್ಲ ಒಪ್ಪಿಸಿದೆ. ಅವರು ಗೋಡೆ ಹಿಡಿದುಕೊಂಡು ನಕ್ಕರು.

“ಅಲ್ಲೋ ಮಾಸ್ತರ, ಶೀಸೆಯೊಳಗಿದ್ದದ್ದು ಸತ್ತ ಎಲುಬು. ಅತ್ತೀದು ಜೀವಂತ ಅದ. ಹುಣಸಿಹಣ್ಣು ಹೊಟ್ಟಿಗೆ ಹೋಗ್ತದಪ್ಪ, ಅಲ್ಲಿಂದ ಮೊಳಕಾಲಿನ ಹಾದಿ ಕೇಳ್ಕೋತ ಹೋಗ್ತದೇನು? ಅದೂ ಅಲ್ದ ಮಡಚೋದು ಎಲುಬಲ್ಲ. ಬಾಗಿಲು ತಗೀಲಿಲ್ಲಂದ್ರ ಹಲಗಿ ಮೆತ್ತಗ ಮಾಡ್ತೀಯೋ, ಕೀಲಿಗೆ ಎಣ್ಣಿ ಬಿಡ್ತೀಯೋ?”

“ಮತ್ತ ಮುಪ್ಪಿನಾಗ ಸುಣ್ಣ ಹೆಚ್ಚು ಅಂದಿದ್ದಿರಲ್ರಿ?”

“ಸುಣ್ಣ ತುಂಬಿ ಚೆಲ್ಲತದಂತ ಅಂದಿಲ್ಲ. ಅಂಟು, ನೀರು ಬತ್ತತಾವ. ಎಲುಬಿನ ಗ್ವಾಡಿ ತೆಳ್ಳಗ ಆಗ್ತದ. ಇದ್ದ ಸುಣ್ಣಾನೂ ನೀ ಕಸಗೊಂಡೀಯಲ್ಲೋ ಪುಣ್ಯಾತ್ಮಾ.”

ಅತ್ತೆ ಮಾತ್ರ ನಗಲಿಲ್ಲ. “ಮಡಚತೈತೋ ಇಲ್ಲೋ ಅಷ್ಟು ಹೇಳ್ರಿ ಆಚಾರ್ಯರ.”

“ಖಾತ್ರಿ ಹೇಳಂಗಿಲ್ಲ ತಾಯಿ. ಎಳ್ಳೆಣ್ಣಿ ಬಿಸಿ ಮಾಡಿ ತಿಕ್ಕಿ, ದಿನಾ ನೋವು ಬರೋತನಕ ಮಡಚ್ರಿ, ನೋವು ಬಂದ ಕೂಡ್ಲೆ ಬಿಡ್ರಿ. ಅವಸರ ಮಾಡಿದ್ರ ಮತ್ತ ಮುರೀತದ.”

“ಅವಸರ ಇಲ್ಲ. ಸಾಯೋದ್ರೊಳಗ ಆದರ ಸಾಕು,” ಎಂದಳು ಅತ್ತೆ. ಆಮೇಲೆ ನನ್ನ ಕಡೆಗೆ ಕೈ ಚಾಚಿದಳು. “ಮೊದಲ ನನ್ನ ಡಬ್ಬಿ ತಾರಲೇ.” ಜೇಬಿಗೆ ಕೈ ಹಾಕಿದರೆ ಮುಚ್ಚಳ ಬಿಚ್ಚಿ ಸುಣ್ಣವೆಲ್ಲ ಕೋಟಿಗೆ ಮೆತ್ತಿಕೊಂಡಿತ್ತು. ಆಕೆ ಜೇಬಿನೊಳಕ್ಕೇ ಬೆರಳು ಹಾಕಿ, ಬೇಕಾದಷ್ಟು ತೆಗೆದು ಎಲೆಗೆ ಬಳಿದುಕೊಂಡಳು.

ಮುಂದಿನ ಉಪಾಯ ಅತ್ತೆಯದೇ. ಕುರುಗೋಡಿನಿಂದ ತನ್ನ ಕೌದಿಗಳನ್ನೆಲ್ಲ ತರಿಸಿದಳು. ಹಳೆಯ ಸೀರೆಗಳನ್ನು ಸೇರಿಸಿ ತಾನೇ ಹೊಲಿದ ದಪ್ಪ ಕೌದಿಗಳು. ಅವನ್ನು ಮಡಚಿ ಒಂದರ ಮೇಲೊಂದು ಒಟ್ಟಿ, ಆ ಎತ್ತರದ ಮೇಲೆ ಕುಳಿತು, ಕಾಲನ್ನು ಎಷ್ಟು ಮಡಚಲು ಬರುವುದೋ ಅಷ್ಟು ಮಡಚಿ ಪೂಜೆ ಮಾಡತೊಡಗಿದಳು. ಪಾರವ್ವ ಬೆಳಗ್ಗೆ ಎಣ್ಣೆ ತಿಕ್ಕುವುದು, ಎದುರಿಗೆ ತಾನೂ ಚಕ್ಕಂಬಕ್ಕಳ ಹಾಕಿ ಕೂರುವುದು. “ಎಲೇ ಬಿಸಿರೊಟ್ಟಿ, ಒಂದು ಮೊಳಕಾಲು ಕಡ ಕೊಡವಾ ನನಗ” ಎಂದು ಅತ್ತೆ ಆಕೆಯನ್ನು ಕಾಡಿಸುತ್ತಿದ್ದಳು. ನನ್ನ ರೊಟ್ಟಿಯ ಪಾಠ ಅತ್ತೆಯ ಕಿವಿಗೂ ಮುಟ್ಟಿತ್ತು; ಮುಟ್ಟಿಸಿದವಳು ಯಾರೆಂದು ಕೇಳಬೇಡಿ. ತನಗೆ ಸರಿ ಕಂಡ ದಿನ ಒಂದು ಕೌದಿಯನ್ನು ತೆಗೆಸುತ್ತಿದ್ದಳು. ಚಳಿಗಾಲದಲ್ಲಿ ಮೊಣಕಾಲು ಬಾತಾಗ, ತೆಗೆದ ಎರಡನ್ನು ಮತ್ತೆ ಹಾಕಿಸಿದಳು. ಹಾಕಿಸಿದ ದಿನ ಊಟ ಮಾಡಲಿಲ್ಲ. ಮರುದಿನ ಮತ್ತೆ ಎಣ್ಣೆ ಕಾಯಿಸೆಂದಳು.

ಕೊನೆಯ ಕೌದಿ ಹೋದ ದಿನ ನಾನು ಮನೆಯ ಕಟ್ಟೆಯ ಮೇಲೆ ಪಕ್ಕದ ಮನೆಯವರಿಗೆ ಪಕ್ಕೆಲುಬಿನ ವಿಷಯ ಹೇಳುತ್ತಿದ್ದೆ. “ಆ ಪುರಾಣ ಬಿಟ್ಟು ಒಳಗ ಬರ್ರಿ ಜಲ್ದಿ” ಎಂದು ಹೆಂಡತಿ ಕರೆದಳು. ಹೋಗುವಾಗ ಚೌಕಟ್ಟಿಗೆ ತಲೆ ತಾಗಿತು, ಅದಿರಲಿ. ಅತ್ತೆ ಬರಿಯ ಚಾಪೆಯ ಮೇಲೆ ಕುಳಿತಿದ್ದಳು. ಎಡ ಮೊಣಕಾಲು ನೆಲ ಮುಟ್ಟಿತ್ತು. ಬಲಗಡೆಯದು ಗೇಣಿನಷ್ಟು ಮೇಲೆ ನಿಂತಿತ್ತು, ಅದರ ಕೆಳಗೆ ಪಾರವ್ವ ತನ್ನ ಲಂಗವನ್ನು ಸುತ್ತಿ ತುರುಕಿದ್ದಳು. ಆದರೆ ಮಡಚಿತ್ತು. ಲಿಂಗ ಅಂಗೈಯಲ್ಲಿತ್ತು, ಪಾದ ಅದರ ಆಚೆಗೆ ಇರಲಿಲ್ಲ. ಅತ್ತೆ ಅಂದು ಕಣ್ಣು ತೆರೆದುಕೊಂಡೇ ಪೂಜೆ ಮಾಡಿದಳು.

ಪೂಜೆ ಮುಗಿಯಿತು. ಲಿಂಗವನ್ನು ಕೊರಳ ಕರಡಿಗೆಯಲ್ಲಿಟ್ಟುಕೊಂಡಳು. ಏಳಲು ಹೋದಳು, ಆಗಲಿಲ್ಲ. ನಾವೆಲ್ಲ ಗಾಬರಿಯಾಗಿ ನೋಡುತ್ತಿದ್ದರೆ ಆಕೆಯೇ ಎರಡೂ ಕೈ ಮೇಲೆತ್ತಿದಳು. “ಏನ್ ನೋಡತೀರಿ? ಕುಂದ್ರೋದು ನನ್ನ ಕೆಲಸ, ಎಬ್ಬಸೋದು ನಿಮ್ಮ ಕೆಲಸ.” ಅಂದಿನಿಂದ ಪೂಜೆ ಮುಗಿದೊಡನೆ ಆಕೆಯ ಕಂಕುಳಿಗೆ ಕೈ ಕೊಟ್ಟು ಎತ್ತುವುದು ನನ್ನ ನಿತ್ಯದ ಕೆಲಸವಾಯಿತು. ನನ್ನನ್ನು ಎತ್ತಿ ಬೆಳೆಸಿದವಳು ಎಷ್ಟು ಹಗುರವಾಗಿದ್ದಾಳೆಂದು ನನಗೆ ದಿನವೂ ಆಶ್ಚರ್ಯವಾಗುತ್ತಿತ್ತು.

ಕೆಲವು ವರ್ಷಗಳ ಮೇಲೆ, ಸುಗ್ಗಿಗೆಂದು ನಮ್ಮೊಡನೆ ಹೋಗಿದ್ದಾಗ, ಆಕೆ ಕುರುಗೋಡಿನಲ್ಲೇ ತೀರಿಕೊಂಡಳು. ಗುಡ್ಡದ ಕೆಳಗೆ ಗುಣಿ ತೋಡಿದರು. ಮಣ್ಣಿನ ಕ್ರಿಯೆ ಮಾಡಿಸಲು ಬಂದ ಜಂಗಮ ಅಯ್ಯನವರು ಆಕೆಯ ಕಾಲು ಮಡಚುವಾಗ ನಾನು ಮುಖ ತಿರುಗಿಸಿದ್ದೆ; ಕಿವಿಯನ್ನು ಮಾತ್ರ ತಿರುಗಿಸಲಾಗಲಿಲ್ಲ, ಆ ಹಳೆಯ ಸದ್ದಿಗಾಗಿ ಅದು ಕಾಯುತ್ತಲೇ ಇತ್ತು. ಸದ್ದಾಗಲಿಲ್ಲ. ನೋಡಿದರೆ ಅತ್ತೆ ಕುಳಿತಿದ್ದಳು, ಎಂದಿನ ಹಾಗೆ, ಬಲ ಮೊಣಕಾಲು ತುಸು ಮೇಲೆ. ಯಾರೂ ಬಲ ಹಾಕಬೇಕಾಗಿರಲಿಲ್ಲ. ಅಯ್ಯನವರು ಮಂತ್ರ ಮುಗಿಸಿದರು. ಪೂಜೆ ಮುಗಿಯಿತೆಂದು ನನ್ನ ಕೈಗಳು ತಾವಾಗಿಯೇ ಮುಂದೆ ಹೋಗಿ ಆಕೆಯ ಕಂಕುಳ ಕೆಳಗೆ ಸೇರಿದವು.

“ಬಿಡ್ರಿ ಮಾಸ್ತರ,” ಎಂದರು ಅಯ್ಯನವರು. “ಇನ್ನ ಕುಂತಿರಲಿ.”

ಇಷ್ಟನ್ನು ನೆನೆಯುವಷ್ಟರಲ್ಲಿ ಇಂದಿನ ಕೊಡದಲ್ಲಿ ಸುಣ್ಣ ಆರಿ ತಣ್ಣಗಾಯಿತು. ಗೋಡೆಗೆ ಅದನ್ನು ಬಳಿದವಳು ಪಾರವ್ವ. ಈಗ ಸಿರುಗುಪ್ಪದ ಸೊಸೆ, ಹಬ್ಬಕ್ಕೆಂದು ಬಂದಿದ್ದಾಳೆ. ಅಂದು ಬಾಗಿದ ಕೈ ಯಾವುದೆಂದು ನಾನು ಗಮನವಿಟ್ಟು ನೋಡಿದೆ, ಗುರುತಾಗಲಿಲ್ಲ. ಕೇಳಿದರೆ ಆಕೆಗೂ ನೆನಪಿಲ್ಲ. ಸಂಜೆ ಊಟಕ್ಕೆ ಕುಳಿತುಕೊಳ್ಳಲು ಹೋದೆ. ಮೊಣಕಾಲು ಅರ್ಧಕ್ಕೆ ನಿಂತು, ಹಿತ್ತಲ ಬಾಗಿಲಿನ ಹಾಗೆ ಕಿರುಗುಟ್ಟಿತು. ನಾನು ಏನೋ ಮರೆತವನಂತೆ ಅತ್ತಿತ್ತ ನೋಡುತ್ತ ನಿಂತೆ. ಪಾರವ್ವ ಒಳಗೆ ಹೋಗಿ, ಅತ್ತೆಯ ಕೌದಿಯೊಂದನ್ನು ತಂದು, ಮಡಚಿ ನನ್ನ ಮಣೆಯ ಮೇಲೆ ಹಾಕಿದಳು. ಹೆಂಡತಿ, “ಹುಣಸಿಹಣ್ಣು ನೆನಸ್ಲೇನ್ರಿ?” ಎಂದು ಕೇಳಿದಳು. ಕುಳಿತೆ.

ಊಟಕ್ಕೆ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಈರುಳ್ಳಿ, ಗಟ್ಟಿ ಮೊಸರು. ನನಗೆ ರೊಟ್ಟಿಯ ನಡುಭಾಗ ಸಿಕ್ಕಿತು, ಅಂಚನ್ನು ಪಾರವ್ವ ತಾನೇ ಮುರಿದುಕೊಂಡಳು. ಆಮೇಲೆ ಎಲೆ, ಅಡಿಕೆ, ಸುಣ್ಣ. ಮೊದಲು ಮಲಗಿದವಳು ನನ್ನ ಹೆಂಡತಿ, ಬಾಯಲ್ಲಿ ಇನ್ನೂ ಎಲೆ ಇರುವಾಗಲೇ. ಆಮೇಲೆ ಪಾರವ್ವ. ನಾನು ಕೌದಿಯ ಮೇಲೆ ಕುಳಿತೇ ಇದನ್ನು ಬರೆಯುತ್ತಿದ್ದೇನೆ. ಏಳಬೇಕಾದರೆ ಇಬ್ಬರಲ್ಲಿ ಒಬ್ಬರನ್ನು ಎಬ್ಬಿಸಬೇಕು.